ಹಳೆಯ ನಾಣ್ಯದ ಮೈಮೇಲಿನ ಗಾಯ

(ಉತ್ಸವದ ಅಂಗವಾಗಿ ಜರುಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಆದವಾನಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆ ತೆರೆದರೆ, ಸಾಲಿಗ್ರಾಮ, ಗಂಟೆ, ಆರತಿಗಳ ಜೊತೆಗೆ ಒಂದೆರಡು ಹಳೆಯ ನಾಣ್ಯಗಳೂ ಇರುವುದು ವಾಡಿಕೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅವು ಹೊರಗೆ ಬರುತ್ತವೆ. ಅರಿಸಿನ ಕುಂಕುಮ ಪಡೆದು ಮತ್ತೆ ಪೆಟ್ಟಿಗೆ ಸೇರುತ್ತವೆ. ಆ ದಿನ ಮನೆಯ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಇದರ ಮೈಮೇಲೆ ಈ ಗಾಯ ಯಾಕೆ?" ಒಂದರ ಮೇಲೆ ಹಸಿರು ಕಲೆ, ಇನ್ನೊಂದರ ಮೇಲೆ ಉಳಿಯಿಂದ ಹೊಡೆದಂಥ ಗೆರೆ, ಮತ್ತೊಂದು ತೂತು ಬಿದ್ದದ್ದು, ಮಗದೊಂದು ಅರ್ಧ ಚಿತ್ರವೇ ಇಲ್ಲದ್ದು. ಹಿರಿಯರೊಬ್ಬರು ಸಿಡಿಲು ಬಡಿದದ್ದು ಎನ್ನುತ್ತಾರೆ. ಇನ್ನೊಬ್ಬರು ತುರುಕರ ದಂಡು ಕಡಿದದ್ದು ಎನ್ನುತ್ತಾರೆ. ಮೂರನೆಯವರು ಇದು ದೋಷದ ನಾಣ್ಯ, ಮನೆಯಲ್ಲಿ ಇಡಬಾರದು ಎಂದುಬಿಡುತ್ತಾರೆ.

ಇದು ಬರೀ ಕುತೂಹಲದ ಮಾತಲ್ಲ. ಗಾಯದ ಕಾರಣವನ್ನು ತಪ್ಪಾಗಿ ತಿಳಿದ ಮನೆಗೆ ಎರಡು ಬಗೆಯ ನಷ್ಟ ಕಾದಿರುತ್ತದೆ. ಕೊಳೆಯೆಂದು ತಿಳಿದು ತಿಕ್ಕಿದರೆ ನಾಣ್ಯವೇ ಸವೆದು ಹಾಳಾಗುತ್ತದೆ. ಪವಾಡವೆಂದು ನಂಬಿದರೆ ಮನೆಯ ರೊಕ್ಕವೇ ಮೋಸಗಾರರ ಪಾಲಾಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ.

ಮೊದಲು ಈ ಸೀಮೆಯಲ್ಲಿ ಎಂಥೆಂಥ ನಾಣ್ಯಗಳು ಓಡಾಡಿವೆ ಎಂಬುದನ್ನು ಸ್ಥೂಲವಾಗಿ ನೋಡಬೇಕು. ಪತ್ತಿಕೊಂಡದ ಕಡೆಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. ಆ ಕಾಲದಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದದ್ದು ಮುದ್ರೆಯೊತ್ತಿದ ಬೆಳ್ಳಿಯ ಕಾರ್ಷಾಪಣ. ಅನಂತರದ ಶತಮಾನಗಳಲ್ಲಿ ಸಮುದ್ರದಾಚೆಯಿಂದ ರೋಮನ್ ಚಕ್ರವರ್ತಿಗಳ ಬಂಗಾರದ ನಾಣ್ಯಗಳು ಬಂದವು. ಅಂಥವು ನಂದ್ಯಾಲದಲ್ಲಿಯೂ ದೊರೆತಿವೆ. ವಿಜಯನಗರದ ಅರಸರ ಕಾಲಕ್ಕೆ ವರಹ, ಪ್ರತಾಪ, ಹಣ, ತಾರ, ಜಿತಲ್ ಎಂಬ ನಾಣ್ಯಗಳು ಪೇಟೆಯಲ್ಲಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಇವುಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. 1565ರ ಯುದ್ಧದ ತರುವಾಯ ಆದವಾನಿ ಕೋಟೆ ಬಿಜಾಪುರದ ಆದಿಲಶಾಹಿಗಳ ಕೈಸೇರಿತು. ಅವರ ಪರವಾಗಿ ಇಲ್ಲಿದ್ದ ಸಿದ್ದಿ ಮಸೂದ್ ಖಾನನ ಹೆಸರು ಮಂತ್ರಾಲಯದ ಗುರುರಾಯರ ಚರಿತ್ರೆಯಲ್ಲಿ ಬರುವುದರಿಂದ ಭಕ್ತರೆಲ್ಲರಿಗೂ ಪರಿಚಿತ. 1688ರಲ್ಲಿ ಔರಂಗಜೇಬನ ಸೈನ್ಯ ಕೋಟೆಯನ್ನು ಹಿಡಿಯಿತು. ಊರಿಗೆ ಇಮ್ತಿಯಾಜ್‌ಗಢ ಎಂಬ ಹೊಸ ಹೆಸರು ಬಂತು. ಆ ಹೆಸರಿನ ಟಂಕಸಾಲೆಯಿಂದ ಮೊಗಲ ಬಾದಶಹರ ನಾಣ್ಯಗಳು ಹೊರಬಿದ್ದವು. ಫರೂಕ್‌ಸಿಯರ್ ಮತ್ತು ಮುಹಮ್ಮದ್ ಶಹರ ಹೆಸರಿನ ಪುಟ್ಟ ಬಂಗಾರದ ವರಹಗಳೂ ಅದರಲ್ಲಿ ಸೇರಿವೆ. ಆಮೇಲೆ ನಿಜಾಮರ ಮನೆತನ, 1786ರಲ್ಲಿ ಟಿಪ್ಪು ಸುಲ್ತಾನನ ಮುತ್ತಿಗೆ, 1800ರಲ್ಲಿ ಕಂಪನಿ ಸರ್ಕಾರ. 1953ರವರೆಗೆ ಆದವಾನಿ ಮತ್ತು ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಇಷ್ಟು ಸಂಸ್ಥಾನಗಳ ನಾಣ್ಯಗಳು ಒಂದೇ ಪೇಟೆಯಲ್ಲಿ ಬೆರೆತ ಊರಿದು. ಗಾಯಗಳೂ ಅಷ್ಟೇ ಬಗೆಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ನಾಣ್ಯಕ್ಕೆ ಗಾಯವಾಗುವ ಸ್ಥಳಗಳು ನಾಲ್ಕು: ಅದು ಹುಟ್ಟಿದ ಟಂಕಸಾಲೆ, ಓಡಾಡಿದ ಪೇಟೆ, ಮಲಗಿದ್ದ ಮಣ್ಣು, ಕೊನೆಗೆ ಸೇರಿದ ಮನೆ. ಯಾವ ಗುರುತು ಯಾವ ಸ್ಥಳದ್ದು ಎಂದು ಬೇರ್ಪಡಿಸುವುದೇ ಪರೀಕ್ಷೆಯ ಮರ್ಮ.

ಮೊದಲನೆಯದು ಟಂಕಸಾಲೆ. ಆ ಕಾಲದಲ್ಲಿ ಯಂತ್ರಗಳಿರಲಿಲ್ಲ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತೂಗಿದ ಲೋಹದ ಬಿಲ್ಲೆ, ಮೇಲೆ ಸುತ್ತಿಗೆಯ ಪೆಟ್ಟು. ಅನೇಕ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಆದುದರಿಂದ ಮೊಗಲರ ರೂಪಾಯಿಯ ಮೇಲೆ ಊರಿನ ಹೆಸರು ಅರ್ಧವೇ ಬಿದ್ದಿರುವುದು, ಮೂರು ಗುಂಜಿ ತೂಕದ ಪುಟ್ಟ ಹಣದ ಮೇಲೆ ದೇವರ ಒಂದು ತೋಳು ಮಾತ್ರ ಕಾಣುವುದು ಸವೆತದಿಂದಲ್ಲ, ಹುಟ್ಟಿನಿಂದಲೇ. ಪೆಟ್ಟು ಒಂದು ಮಗ್ಗುಲಿಗೆ ಬಿದ್ದರೆ ಇನ್ನೊಂದು ಮಗ್ಗುಲು ಚಪ್ಪಟೆಯಾಗಿ ಉಳಿಯುತ್ತದೆ. ಎರಡು ಪೆಟ್ಟು ಬಿದ್ದರೆ ಚಿತ್ರ ಎರಡಾಗುತ್ತದೆ. ಅಂಚಿನಿಂದ ಒಳಕ್ಕೆ ಹೋಗುವ ಸೀಳು ಕೂಡ ಬಹುತೇಕ ಆ ಪೆಟ್ಟಿನದೇ.

ಇನ್ನೊಂದು ಮಾತು. ಹೈದರಾಲಿಯ ಬಹಾದುರಿ ವರಹದ ಒಂದು ಬದಿಗೆ ಶಿವಪಾರ್ವತಿಯರು, ಇನ್ನೊಂದು ಬದಿಗೆ ಸಾಸಿವೆ ಚೆಲ್ಲಿದಂತೆ ಹರಳು ಹರಳಾದ ಮೈ, ಅದರ ನಡುವೆ ಒಂದು ಪಾರಸೀಕ ಅಕ್ಷರ. ಮದರಾಸಿನ ಕಂಪನಿಯವರು ಮುದ್ರಿಸಿದ ನಕ್ಷತ್ರ ವರಹದ ಒಂದು ಬದಿಗೆ ವಿಷ್ಣು, ಇನ್ನೊಂದು ಬದಿಗೆ ಅಂಥದೇ ಹರಳು ಮೈಯ ನಡುವೆ ನಕ್ಷತ್ರ. ಕಂಡವರು ಇದನ್ನು ಹುಳುಕು ಹಿಡಿದ ಬಂಗಾರವೆಂದು ಭ್ರಮಿಸುತ್ತಾರೆ. ಅದು ಹುಳುಕಲ್ಲ, ಅಕ್ಕಸಾಲಿಗ ಅಚ್ಚಿನಲ್ಲಿಯೇ ಕೊರೆದ ಕೆಲಸ. ಬಂಗಾರಕ್ಕೆ ಹುಳುಕು ಹಿಡಿಯುವುದಿಲ್ಲ.

ಎರಡನೆಯದು ಪೇಟೆ. ಹಿಂದಿನ ಪೇಟೆಯಲ್ಲಿ ನಾಣ್ಯದ ಮೇಲಿನ ಬೆಲೆಯನ್ನು ಯಾರೂ ಕಣ್ಣುಮುಚ್ಚಿ ಒಪ್ಪುತ್ತಿರಲಿಲ್ಲ. ಚಿನಿವಾರನ ಬಳಿ ಒಯ್ಯಬೇಕು. ಅವನು ತೂಗುವನು, ಒರೆಗಲ್ಲಿಗೆ ಉಜ್ಜುವನು, ಅನುಮಾನ ಬಂದರೆ ಚಿಕ್ಕ ಉಳಿಯಿಂದ ಚುಚ್ಚಿ ಒಳಗಿನ ಲೋಹವನ್ನು ನೋಡುವನು. ಒಪ್ಪಿಗೆಯಾದರೆ ತನ್ನ ಗುರುತಿನ ಪುಟ್ಟ ಮುದ್ರೆಯೊತ್ತುವನು: ಒಂದು ಚುಕ್ಕೆ, ಹೂವು, ಅರ್ಧಚಂದ್ರ ಅಥವಾ ಅಕ್ಷರ. ಮೊಗಲರ ಕಾಲದಲ್ಲಿ ಆ ವರ್ಷದ ಹೊಸ ಸಿಕ್ಕಾ ರೂಪಾಯಿಗೆ ಪೂರ್ಣ ಬೆಲೆ. ಹಳೆಯ ವರ್ಷದ್ದಕ್ಕೆ ವಟ್ಟ ಕಡಿತ. ಹೀಗಾಗಿ ಒಂದು ರೂಪಾಯಿ ಕೈಯಿಂದ ಕೈಗೆ ಹೋದಂತೆಲ್ಲ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗುತ್ತಿತ್ತು. ಮೈತುಂಬ ಚಿಕ್ಕ ಚಿಕ್ಕ ಗಾಯಗಳಿರುವ ರೂಪಾಯಿ ಹಾಳಾದ ರೂಪಾಯಿಯಲ್ಲ. ಹತ್ತು ಜನ ಚಿನಿವಾರರು ಸಾಚಾ ಎಂದು ಸಾಕ್ಷಿ ಹೇಳಿದ ರೂಪಾಯಿ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಾರ್ಷಾಪಣಗಳ ಮೇಲೆ ಕೂಡ ಇಂಥ ಪುಟ್ಟ ಮುದ್ರೆಗಳಿವೆ.

ಪೇಟೆಯ ಗಾಯವನ್ನು ಓದುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಪುದುಕೋಟೆಯ ನಿಧಿ ಒಳ್ಳೆಯ ದೃಷ್ಟಾಂತ. 1898ರಲ್ಲಿ ತಮಿಳುನಾಡಿನ ಪುದುಕೋಟೆ ಸಂಸ್ಥಾನದಲ್ಲಿ ಒಂದು ಮಡಕೆಯಲ್ಲಿ 501 ರೋಮನ್ ಬಂಗಾರದ ನಾಣ್ಯಗಳು ದೊರೆತವು. ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚಿನವುಗಳ ಮೇಲೆ ಉಳಿಯಿಂದ ಹೊಡೆದ ಗೆರೆಯಿತ್ತು. ಅದೂ ಚಕ್ರವರ್ತಿಯ ಮುಖಕ್ಕೆ ಅಡ್ಡವಾಗಿ! ಅದೇ ವರ್ಷ ಬ್ರಿಟನ್ನಿನ ನಾಣ್ಯತಜ್ಞ ಜಾರ್ಜ್ ಹಿಲ್ ಇವುಗಳ ಬಗ್ಗೆ ಬರೆದರು. ಇದು ಲೋಹಪರೀಕ್ಷೆಯ ಗುರುತೆಂದು ಕೆಲವರು ಹೇಳಿದರು. ಪರದೇಶದ ದೊರೆಯ ಮುಖ ಇಲ್ಲಿನವರಿಗೆ ಸಹ್ಯವಾಗಲಿಲ್ಲ ಎಂದು ಕೆಲವರು ಹೇಳಿದರು. ಇದು ಇನ್ನು ನಾಣ್ಯವಲ್ಲ, ತೂಕದ ಬಂಗಾರ ಮಾತ್ರ ಎಂದು ರದ್ದುಮಾಡಿದ ಗುರುತೆಂದು ಮತ್ತೆ ಕೆಲವರು ವಾದಿಸಿದರು. ಇಲ್ಲಿ ಗಮನಿಸಬೇಕಾದದ್ದು ಗೆರೆ ಬಿದ್ದ ಸ್ಥಳ. ಲೋಹವನ್ನು ಪರೀಕ್ಷಿಸುವವನಿಗೆ ಅಂಚೂ ಒಂದೇ, ನಡುವೂ ಒಂದೇ. ಮತ್ತೆ ಮತ್ತೆ ಮುಖವನ್ನೇ ಹುಡುಕಿ ಹೊಡೆದಿದ್ದರೆ ಹೊಡೆದವನ ಮನಸ್ಸಿನಲ್ಲಿ ಲೋಹದ ಚಿಂತೆಯೊಂದೇ ಇರಲಿಲ್ಲ ಎನ್ನಬೇಕಾಗುತ್ತದೆ. ಗಾಯದ ಆಳಕ್ಕಿಂತ ಗಾಯದ ಜಾಗ ಹೆಚ್ಚು ಮಾತಾಡುತ್ತದೆ.

ಇದರ ಎದುರಿಗೆ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಅಕ್ಕಿಆಲೂರಿನ ನಿಧಿಯನ್ನು ಇಟ್ಟು ನೋಡಬಹುದು. ಅಲ್ಲಿಯೂ ರೋಮನ್ ಚಕ್ರವರ್ತಿಗಳ ಬಂಗಾರದ ನಾಣ್ಯಗಳೇ ಸಿಕ್ಕವು, ಆದರೆ ಹೆಚ್ಚಿನವು ಕೆಲವು ಶತಮಾನ ಈಚಿನವು. ಅವುಗಳಲ್ಲಿ ಕೆಲವಕ್ಕೆ ತೂತುಗಳಿವೆ. ಆ ತೂತುಗಳು ದೊರೆಯ ತಲೆಯ ಮೇಲ್ಗಡೆ ಒಂದರ ಪಕ್ಕದಲ್ಲಿ ಇನ್ನೊಂದರಂತೆ ಇವೆ. ದಾರಕ್ಕೆ ಪೋಣಿಸಿದರೆ ಮುಖ ತಿರುಗದೆ ನೆಟ್ಟಗೆ ನಿಲ್ಲುತ್ತದೆ. ಇದು ಹಾಳುಮಾಡಿದ್ದಲ್ಲ, ಕೊರಳಿಗೆ ಧರಿಸಿದ್ದು. ನಮ್ಮ ತಾಯಂದಿರ ಕಾಸಿನ ಸರದ ನಾಣ್ಯಗಳಲ್ಲೂ ಹೀಗೆಯೇ. ತೂತು ಅಥವಾ ಕೊಂಡಿಯ ಬೆಸುಗೆ ಯಾವ ಚಿತ್ರದ ನೆತ್ತಿಗೆ ಬಂದಿದೆಯೋ, ಆ ಮನೆಯವರು ಆ ಬದಿಯನ್ನೇ ಮುಂದು ಮಾಡಿ ಧರಿಸಿದ್ದರು ಎಂದು ಹೇಳಬಹುದು. ಕೊಂಡಿ ಕಿತ್ತ ಜಾಗದಲ್ಲಿ ಒರಟಾದ ಗಂಟೊಂದು ಉಳಿದಿರುತ್ತದೆ. ಅದನ್ನು ಬೆಂಕಿಯ ಗಾಯವೆಂದು ತಿಳಿಯಬಾರದು.

ಮೂರನೆಯದು ಮಣ್ಣು. ಈ ಸೀಮೆಯ ರೈತರಿಗೆ ಎರೆಭೂಮಿ, ಮಸಾರಿ ಭೂಮಿಗಳ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಸಾರಿ ಬೇಗ ಬಿಟ್ಟುಕೊಡುತ್ತದೆ. ಸವಳು ಇರುವ ತಗ್ಗಿನ ಎರೆಯಲ್ಲಿ ನೂರಾರು ವರ್ಷ ನೆನೆದ ತಾಮ್ರದ ಕಾಸು ಮಸಾರಿಯಲ್ಲಿ ಮಲಗಿದ್ದ ಕಾಸಿಗಿಂತ ಹೆಚ್ಚು ಕೊರೆದುಹೋಗಿರುವುದು ಸಹಜ. ತಾಮ್ರ ಮೊದಲು ಕೆಂಪಾಗುತ್ತದೆ, ಅದರ ಮೇಲೆ ಹಸಿರು ಕಿಲುಬು ಕೂಡುತ್ತದೆ. ಈ ಕಿಲುಬಿನಲ್ಲಿ ಎರಡು ಜಾತಿ. ನುಣುಪಾಗಿ, ಗಟ್ಟಿಯಾಗಿ, ಗಾಢ ಹಸಿರಾಗಿ ಮೈಗೆ ಅಂಟಿಕೊಂಡಿರುವುದು ನಾಣ್ಯದ ಕವಚ. ಅದು ಒಳಗಿನ ಲೋಹವನ್ನು ಕಾಯುತ್ತದೆ, ಅದರ ಗೊಡವೆಗೆ ಹೋಗಬಾರದು. ತಿಳಿಹಸಿರಾಗಿ, ಹಿಟ್ಟಿನಂತೆ ಉದುರಿ, ಒರೆಸಿದರೂ ಮಳೆಗಾಲಕ್ಕೆ ಮತ್ತೆ ಏಳುವುದು ರೋಗ. ಮಣ್ಣಿನ ಉಪ್ಪು ಲೋಹದೊಳಗೆ ಸೇರಿ, ಗಾಳಿಯ ತೇವ ತಾಕಿದಾಗಲೆಲ್ಲ ತಿನ್ನುತ್ತಾ ಹೋಗುತ್ತದೆ. ಕಂಚಿನ ಉತ್ಸವಮೂರ್ತಿಗಳಿಗೂ ಇದೇ ರೋಗ ಬರುತ್ತದೆ. ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ 1930ರಲ್ಲಿ ರಾಸಾಯನಿಕ ಪ್ರಯೋಗಶಾಲೆ ಆರಂಭವಾಯಿತು. ಅಲ್ಲಿ ವಿಜ್ಞಾನಿ ಎಸ್. ಪರಮಶಿವನ್ ರೋಗ ತಗಲಿದ ಕಂಚಿನ ವಿಗ್ರಹಗಳನ್ನು ವಿದ್ಯುತ್ತಿನ ಸಹಾಯದಿಂದ ಶುದ್ಧಿಮಾಡಿ ಉಳಿಸುವ ಕೆಲಸ ನಡೆಸಿದರು.

ಬೆಳ್ಳಿ ಗಾಳಿಯಲ್ಲಿನ ಗಂಧಕದಿಂದ ಕಪ್ಪಾಗುತ್ತದೆ, ಉಪ್ಪಿನ ಮಣ್ಣಿನಲ್ಲಿ ಬೂದಿ ಬಣ್ಣದ ಪೊರೆ ಕಟ್ಟುತ್ತದೆ. ಬಂಗಾರ ಮಾತ್ರ ಹೂತಾಗ ಹೇಗಿತ್ತೋ ಹಾಗೆಯೇ ಎದ್ದು ಬರುತ್ತದೆ. ಬಂಗಾರದ್ದೆಂದು ಹೇಳುವ ನಾಣ್ಯದ ಮೈಯೊಳಗಿಂದ ಹಸಿರು ಕಿಲುಬು ಏಳುತ್ತಿದ್ದರೆ, ಒಳಗೆ ತಾಮ್ರವಿದೆ ಎಂದೇ ತಿಳಿಯಬೇಕು.

ನಾಲ್ಕನೆಯದು ಮನೆ. ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತಿದು. ಐದು ನೂರು ವರ್ಷ ಮಣ್ಣು ಮಾಡದ ಹಾನಿಯನ್ನು ಐದು ನಿಮಿಷದಲ್ಲಿ ಮನೆಯವರ ಭಕ್ತಿಯೇ ಮಾಡಿಬಿಡುತ್ತದೆ. ಹಬ್ಬದ ದಿನ ದೇವರ ಸಾಮಾನು ತೊಳೆಯುವಾಗ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ತೆಂಗಿನ ನಾರುಗಳಿಂದ ನಾಣ್ಯವನ್ನೂ ತಿಕ್ಕುತ್ತಾರೆ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಕಿಲುಬೂ ತಾಮ್ರದಿಂದಲೇ ಆದದ್ದು. ಸೂಕ್ಷ್ಮವಾದ ಅಕ್ಷರಗಳು ಅನೇಕ ಸಲ ಆ ಪೊರೆಯಲ್ಲಿಯೇ ಉಳಿದಿರುತ್ತವೆ. ಪೊರೆ ಹೋದರೆ ಅಕ್ಷರವೂ ಹೋಯಿತು. ಇಟ್ಟಿಗೆ ಪುಡಿಯಂತೂ ಮರಳುಕಾಗದವೇ ಸರಿ. ತಂಬಿಗೆ ಚೊಂಬುಗಳಿಗೆ ಅದು ಸಲ್ಲುತ್ತದೆ, ನಾಣ್ಯಕ್ಕೆ ಸಲ್ಲದು. ಹಸಿ ಕುಂಕುಮ, ಪಂಚಾಮೃತದ ಮೊಸರು, ತುಪ್ಪಗಳ ಜಿಡ್ಡು ಹಾಗೆಯೇ ಉಳಿದರೂ ತಾಮ್ರ ಕಿಲುಬುಗಟ್ಟುತ್ತದೆ. ಈಚೆಗೆ ಅಗ್ಗದ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಡುವ ರೂಢಿ ಬಂದಿದೆ. ಪಿವಿಸಿ ಪ್ಲಾಸ್ಟಿಕ್ ಹಳತಾದಂತೆ ಆಮ್ಲ ಬಿಟ್ಟು ನಾಣ್ಯದ ಮೇಲೆ ಹಸಿರು ಅಂಟನ್ನು ಕೂಡಿಸುತ್ತದೆ. ಬೆಳ್ಳಿಯ ನಾಣ್ಯಗಳಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಗಂಧಕದಿಂದ ಕಪ್ಪು ಗೆರೆ ಬೀಳುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಅದಕ್ಕೆ ಬೇಕಾದದ್ದು ಹಗಲಿನ ಬೆಳಕು, ಒಂದು ಭೂತಗನ್ನಡಿ, ಅಕ್ಕಸಾಲಿಗನ ತಕ್ಕಡಿ, ಸ್ವಲ್ಪ ತಾಳ್ಮೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಬೇಕು. ಮೊದಲು ಗಾಯದ ಒಳಗಿನ ಬಣ್ಣ ನೋಡಬೇಕು. ಗೆರೆಯೊಳಗೂ ಸುತ್ತಲಿನಷ್ಟೇ ಹಳೆಯ ಕಪ್ಪು ಅಥವಾ ಹಸಿರು ಇದ್ದರೆ ಗಾಯ ಹಳೆಯದು. ಒಳಗೆ ಲೋಹ ಹೊಳೆಯುತ್ತಿದ್ದರೆ ಅದು ಮೊನ್ನೆ ಮೊನ್ನೆ ಆದದ್ದು. ನೇಗಿಲೋ ಗುದ್ದಲಿಯೋ ತಾಗಿರಬೇಕು, ಇಲ್ಲವೇ ಯಾರೋ ಕೆರೆದಿರಬೇಕು. ಎರಡನೆಯದಾಗಿ ಗಾಯದ ದಡ ನೋಡಬೇಕು. ಉಳಿ ಹೊಡೆದಾಗ ಲೋಹ ಎರಡೂ ಕಡೆ ಉಬ್ಬಿ ನಿಲ್ಲುತ್ತದೆ, ಸಾಲು ಹೊಡೆದ ಹೊಲದ ಮಣ್ಣಿನಂತೆ. ಕಿಲುಬು ತಿಂದ ಕುಳಿಗೆ ಅಂಥ ದಡವಿಲ್ಲ, ಅದರ ಆಕಾರವೂ ಅಂಕುಡೊಂಕು. ಮೈತುಂಬ ದುಂಡಗಿನ ಪುಟ್ಟ ಗುಳಿಗಳಿದ್ದು ಅಂಚಿನ ಸುತ್ತ ಬೆಸೆದಂಥ ಗೆರೆ ಇದ್ದರೆ ಎಚ್ಚರ. ಅದು ಎರಕ ಹೊಯ್ದು ಮಾಡಿದ ನಕಲಿ ಆಗಿರಬಹುದು. ಆ ಗುಳಿಗಳು ಎರಕದ ಗುಳ್ಳೆಗಳು. ಮೂರನೆಯದು ತೂಕ. ವರಹದ ತೂಕ ಸುಮಾರು 3.4 ಗ್ರಾಂ. 1835ರಿಂದ ಬಂದ ಕಂಪನಿ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ. ತೂಕವೂ ಕಡಿಮೆ, ಚಿತ್ರವೂ ಸವೆದಿದೆ ಎಂದರೆ ಅದು ಕೈಯಿಂದ ಕೈಗೆ ದುಡಿದ ನಾಣ್ಯ. ಚಿತ್ರ ಹೊಸದರಂತಿದ್ದು ತೂಕ ಮಾತ್ರ ಕಡಿಮೆಯಾದರೆ, ಅಂಚು ಅರೆದು ಲೋಹ ಕದ್ದಿರಬೇಕು ಅಥವಾ ನಾಣ್ಯವೇ ಸುಳ್ಳಿರಬೇಕು.

ಬೆಂಕಿಗೆ ಸಿಕ್ಕ ನಾಣ್ಯದ ಲಕ್ಷಣ ಬೇರೆ. ಮೈಮೇಲೆ ಗುಳ್ಳೆ ಏಳುತ್ತದೆ, ಅಂಚು ಕರಗಿ ದುಂಡಗಾಗುತ್ತದೆ, ಕೆಲವು ಸಲ ಎರಡು ಮೂರು ನಾಣ್ಯಗಳು ಬೆಸೆದುಕೊಳ್ಳುತ್ತವೆ. ಸಿಡಿಲು ಲೋಹಕ್ಕೆ ತಾಗಿದರೂ ಆಗುವುದು ಇಂಥ ಕರಗುವಿಕೆಯೇ ಹೊರತು ಅದರಿಂದ ಯಾವ ಹೊಸ ಶಕ್ತಿಯೂ ಬರುವುದಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಆಂಧ್ರ, ಕರ್ನಾಟಕಗಳೆರಡರಲ್ಲೂ "ಅಕ್ಕಿ ಎಳೆಯುವ ನಾಣ್ಯ", "ರೈಸ್ ಪುಲ್ಲರ್" ಎಂಬ ಹೆಸರಿನ ಮೋಸ ಬಹಳ ದಿನಗಳಿಂದ ನಡೆದಿದೆ. ಕುಳಿಬಿದ್ದ, ಕಪ್ಪಾದ ತಾಮ್ರದ ಬಿಲ್ಲೆಯನ್ನು ತೋರಿಸಿ, ಇದಕ್ಕೆ ಸಿಡಿಲು ಬಡಿದಿದೆ, ಪರದೇಶದ ವಿಜ್ಞಾನಿಗಳು ಕೋಟಿ ಕೋಟಿ ಕೊಡುತ್ತಾರೆ, ಪರೀಕ್ಷೆಯ ಖರ್ಚಿಗೆ ಮಾತ್ರ ಮುಂಗಡ ಕೊಡಿ ಎನ್ನುತ್ತಾರೆ. ಅಕ್ಕಿಕಾಳುಗಳು ಬಿಲ್ಲೆಯ ಕಡೆಗೆ ಸರಿಯುವುದನ್ನೂ ತೋರಿಸುತ್ತಾರೆ. ಕಾಳಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆಯ ಬಳಿ ಅಯಸ್ಕಾಂತ ಅಡಗಿಸಿದರೆ ಮುಗಿಯಿತು, ಪವಾಡ ಸಿದ್ಧ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಹೊಲ ಮಾರಿ, ಮಗಳ ಮದುವೆಗೆ ಕೂಡಿಟ್ಟ ರೊಕ್ಕ ಕೊಟ್ಟು ಬೀದಿಗೆ ಬಿದ್ದವರಿದ್ದಾರೆ. ಅದೇ ರೀತಿ ರಾಮದರ್ಬಾರು, ಹನುಮಂತರ ಚಿತ್ರದೊಡನೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದು ಬರೆದ ತಾಮ್ರದ ಬಿಲ್ಲೆಗಳು ಜಾತ್ರೆಗಳಲ್ಲಿ ಮಾರಾಟವಾಗುತ್ತವೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಪೂಜೆಗೆಂದು ಮಾಡಿದ ರಾಮಟಂಕದ ಮಾತು ಬೇರೆ. ಅದನ್ನು ಪೂಜಿಸುವುದರಲ್ಲಿ ತಪ್ಪಿಲ್ಲ, ಹಳೆಯ ಹಣವೆಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದು ತಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ. ಭಕ್ತಿ ದೇವರ ಮೇಲಿರಲಿ, ಬಿಲ್ಲೆಯ ಮೇಲೆ ಬೇಡ.

ಕಾನೂನಿನ ಮಾತನ್ನೂ ತಿಳಿದಿರುವುದು ಒಳ್ಳೆಯದು. 1878ರ ನಿಧಿ ಕಾಯಿದೆಯ ಪ್ರಕಾರ, ಭೂಮಿಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತವರು ಕಲೆಕ್ಟರಿಗೆ ಲಿಖಿತ ಮಾಹಿತಿ ಕೊಡಬೇಕು. ನೂರು ವರ್ಷಕ್ಕೂ ಹಳೆಯ ನಾಣ್ಯಗಳು 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ನಿಧಿಯ ಆಸೆಯಿಂದ ಹಾಳು ಗುಡಿಗಳ ಗರ್ಭಗೃಹ ಅಗೆಯುವವರು ಪಾಪದ ಜೊತೆಗೆ ಶಿಕ್ಷೆಯನ್ನೂ ಕಟ್ಟಿಕೊಳ್ಳುತ್ತಾರೆ.

ದೇವಸ್ಥಾನಗಳು ಮಾಡಬಹುದಾದ ಕೆಲಸವೂ ಇದೆ. ಉರುಕುಂದದ ಈರಣ್ಣಸ್ವಾಮಿಗೆ ಶ್ರಾವಣದಲ್ಲಿ, ರಣಮಂಡಲದ ಆಂಜನೇಯನಿಗೆ ಶನಿವಾರಗಳಲ್ಲಿ, ಊರೂರಿನ ಗುಡಿಗಳಿಗೆ ಜಾತ್ರೆಯಲ್ಲಿ ಬರುವ ಭಕ್ತರು ಹರಕೆಯೆಂದು ಹಳೆಯ ನಾಣ್ಯವನ್ನು ಹುಂಡಿಗೆ ಹಾಕುವುದುಂಟು. ಎಣಿಕೆಯ ದಿನ ಅಂಥವನ್ನು ಚಿಲ್ಲರೆಯೊಡನೆ ಬೆರೆಸದೆ, ಕರಗಿಸದೆ, ತಿಕ್ಕದೆ ಬೇರೆ ತೆಗೆದಿಡಬೇಕು. ಒಂದೊಂದನ್ನೂ ಒಣ ಕಾಗದದ ಲಕೋಟೆಯಲ್ಲಿಟ್ಟು, ತೂಕ ಬರೆದು, ಎರಡೂ ಬದಿಯ ಛಾಯಾಚಿತ್ರ ತೆಗೆದು, ದೊರೆತ ದಿನಾಂಕವನ್ನು ದಾಖಲೆ ಪುಸ್ತಕದಲ್ಲಿ ನಮೂದಿಸಿದರೆ ಸಾಕು. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಒಣಗಿಸಬೇಕು. ಹಿಟ್ಟಿನಂತೆ ಉದುರುವ ಕಿಲುಬು ಕಂಡರೆ ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಪುರಾತತ್ವ ಇಲಾಖೆಯ ತಜ್ಞರಿಗೆ ತೋರಿಸಬೇಕು. ಮನೆಗಳಲ್ಲಿಯೂ ಇದೇ ಕ್ರಮ. ಪೂಜೆಗೆ ಇಡುವವರು ಅರಿಸಿನ ಕುಂಕುಮವನ್ನು ನಾಣ್ಯವಿಟ್ಟ ತಟ್ಟೆಗೆ ಏರಿಸಿದರೂ ಲಕ್ಷ್ಮಿಗೆ ಸಲ್ಲುತ್ತದೆ.

ಒಂದು ಪುಟ್ಟ ತಾಮ್ರದ ಕಾಸು ಎಷ್ಟೋ ರೈತರ, ನೇಕಾರರ, ಹತ್ತಿಯ ವ್ಯಾಪಾರಿಗಳ ಕೈಯಲ್ಲಿ ಹಾದು ಇಂದು ನಮ್ಮ ದೇವರ ಪೆಟ್ಟಿಗೆ ಸೇರಿದೆ. ಅದರ ಮೈಮೇಲಿನ ಒಂದೊಂದು ಗುರುತೂ ಅವರಲ್ಲಿ ಯಾರೋ ಒಬ್ಬರ ಸಹಿ. ಓದುವ ಮೊದಲೇ ಆ ಸಹಿಯನ್ನು ಅಳಿಸಬಾರದು. ಈ ಸೀಮೆಯ ಹಿರಿಯರು ಕಾಪಾಡಿಕೊಂಡು ಬಂದದ್ದನ್ನು ಕಿರಿಯರೂ ಕಾಪಾಡಿಕೊಂಡು ಹೋಗುವ ಬುದ್ಧಿಯನ್ನು ಭಗವಂತ ಎಲ್ಲರಿಗೂ ಕರುಣಿಸಲಿ. ಸರ್ವೇ ಜನಾಃ ಸುಖಿನೋ ಭವಂತು.